ಸಾವಂತ್ರವ್ವನಿಗೆ ಏನು ಹೇಳುವುದು

ಮಲಪ್ರಭೆಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲಿ ಶಾಂತಯ್ಯಜ್ಜ ಎಂಬ ಗುರುಗಳು, ರುದ್ರಮುನಿ ಎಂಬ ಶಿಷ್ಯ.

ರುದ್ರಮುನಿ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಪುರಾಣವೆಲ್ಲ ಬಾಯಿಪಾಠ. ಮನಸ್ಸು ಮುರಿದವರು ಮಠಕ್ಕೆ ಬಂದಾಗ ಅಜ್ಜ ಏನು ಹೇಳಿದರು ಎನ್ನುವುದೂ ಬಾಯಿಪಾಠ. ಮುಂದೆ ಆ ಪೀಠದ ಮೇಲೆ ಕೂರುವವನು ತಾನೇ ತಾನೆ, ಈಗಿಂದಲೇ ಕಲಿತಿಟ್ಟುಕೊಂಡರೆ ಒಳ್ಳೆಯದು ಎಂದು ಅವನ ಲೆಕ್ಕಾಚಾರ.

ಮಗನನ್ನು ಕಳೆದುಕೊಂಡ ದುಂಡಪ್ಪನಿಗೆ ಅಜ್ಜ, “ಮನೀಗೆ ಹೋಗಿ ಕೆಲಸಕ್ಕ ಕೈ ಹಚ್ಚಪ್ಪಾ” ಎಂದಿದ್ದರು. ದುಂಡಪ್ಪ ಹೋದ. ಸುಗ್ಗಿಯ ಹೊತ್ತಿಗೆ ನಾಲ್ಕು ಮಂದಿಯ ಜೊತೆ ಕೂತು ಹರಟುವಷ್ಟಾದ.

ರುದ್ರಮುನಿ ಆ ಮಾತನ್ನು ಭದ್ರವಾಗಿ ಇಟ್ಟುಕೊಂಡ.

ಒಂದು ದಿನ ಅಜ್ಜ ಪಕ್ಕದೂರಿಗೆ ಹೋಗಿದ್ದಾಗ, ಕಾಶವ್ವ ಎಂಬಾಕೆ ನೆರೆಮನೆಯ ಸಾವಂತ್ರವ್ವನನ್ನು ಕೈಹಿಡಿದು ಕರೆತಂದಳು. ಕಾಶವ್ವನ ತೋಳಲ್ಲಿ ಒಂದು ಹಸುಗೂಸು.

“ಈಕಿ ಮಗಳು ಹಡದು ತೀರ್ಕೊಂಡ್ಲು ರೀ. ಇದು ಆಕಿ ಕೂಸು. ಅಜ್ಜಿ ಆದಾಕಿ ಇದನ್ನ ಮುಟ್ಟವಲ್ಲಳು. ನನ್ನ ಕೂಸಿನ ಜೋಡಿ ನಾನ ಹಾಲು ಕುಡಸಾಕತ್ತೀನಿ. ಎಷ್ಟ ದಿನಾ ಅಂತ ಆದೀತ್ರಿ?”

ಸಾವಂತ್ರವ್ವ ನೆಲ ನೋಡುತ್ತಿದ್ದಳು.

ರುದ್ರಮುನಿ ಗಂಟಲು ಸರಿಮಾಡಿಕೊಂಡ. ಅಜ್ಜನ ಹಾಗೆಯೇ ಕಣ್ಣು ಅರೆ ಮುಚ್ಚಿದ.

“ಮನೀಗೆ ಹೋಗಿ ಕೆಲಸಕ್ಕ ಕೈ ಹಚ್ಚವ್ವಾ.”

ಸಾವಂತ್ರವ್ವ ಎದ್ದು ಹೋದಳು. ರುದ್ರಮುನಿಗೆ ಹಿಗ್ಗೋ ಹಿಗ್ಗು.

ಆ ಹಿಗ್ಗು ಬಹಳ ದಿನ ಬಾಳಲಿಲ್ಲ. ಕಾಶವ್ವ ಮತ್ತೆ ಬಂದಳು, ಈ ಸಲ ಒಬ್ಬಳೇ, ಮುಖ ಕೆಂಪಗೆ ಮಾಡಿಕೊಂಡು.

“ಛಲೋ ಹೇಳಿದ್ರಿ ಸ್ವಾಮ್ಯಾರ! ನಸುಕಿನ್ಯಾಗ ಎದ್ದು ನಿಂತ್ಲಂದ್ರ ಬೀಳೂ ತನಾ ದುಡೀತಾಳ. ಸಾರಿಸಿದ್ದ ಅಂಗಳಾ ಮತ್ತ ಸಾರಸ್ತಾಳ. ಕೂಸು ಅತ್ರ, ‘ಕೆಲಸ ಐತಿ, ಸ್ವಾಮ್ಯಾರು ಹೇಳ್ಯಾರ’ ಅಂತಾಳ. ನನ್ನ ಹಾಲು ಎರಡಕ್ಕ ಸಾಲವಲ್ದು. ಕೂಸು ಸೊರಗಾಕತ್ತೈತ್ರಿ.”

ರುದ್ರಮುನಿ ಒಂದಕ್ಷರ ತಪ್ಪದೆ ಅದೇ ಮಾತು ಹೇಳಿದ್ದ. ದುಂಡಪ್ಪನಿಗೆ ಮದ್ದಾದದ್ದು ಈಕೆಗೆ ಹೀಗೇಕಾಯಿತು? ತಲೆಬುಡ ತಿಳಿಯಲಿಲ್ಲ. ಕೂಸಿನ ನೆನಪಾಗಿ ಅಜ್ಜನನ್ನು ಹುಡುಕಿಕೊಂಡು ಹೊರಟ.

ಅಜ್ಜ ಹೊಳೆಯಲ್ಲಿ ಧೋತರ ಒಗೆಯುತ್ತಿದ್ದರು. ರುದ್ರಮುನಿ ನಡೆದದ್ದನ್ನೆಲ್ಲ ಹೇಳಿ ಕೈಮುಗಿದ.

“ನೀವು ಹೇಳಿದ್ದನ್ನ ಹೇಳೀನ್ರಿ ಅಜ್ಜಾರ. ನಂದೇನು ತಪ್ಪಾತು?”

“ಆಕಿ ಏನಂದ್ಲು?”

“ಏನೂ ಅನ್ನಲಿಲ್ರಿ. ಎಲ್ಲಾ ಕಾಶವ್ವನ ಹೇಳಿದ್ಲು.”

“ನೀ ಆಕಿನ್ನ ಕೇಳಿದ್ಯಾ?”

“ಇಲ್ರಿ ಅಜ್ಜಾರ.”

“ದುಂಡಪ್ಪ ಮಳಿಗಾಲೆಲ್ಲಾ ದಿನಾ ಬಂದು ನನ್ನ ಮುಂದ ಕುಂದರತಿದ್ದ. ಆವಾಗ ನೀ ಎಲ್ಲಿದ್ದಿ ತಮ್ಮಾ?”

“ದನದ ಕೊಟ್ಟಿಗ್ಯಾಗ ಇರ್ತಿದ್ನಿರಿ.”

“ಕಡೀ ಮಾತಿಗೆ ಅಷ್ಟ ಬಂದಿ.”

“ನೀವ ಬರ್ರಿ ಅಜ್ಜಾರ. ನನ್ನ ಕೈಲೆ ಆಗೂದಿಲ್ಲ.”

“ಆಕಿ ನಡಸಾಕತ್ತಿದ್ದು ನಿನ್ನ ಮಾತು. ನೀನ ಹೋಗು.”

“ಹೋಗಿ ಏನು ಹೇಳ್ಲಿ?”

ಅಜ್ಜ ಒದ್ದೆ ಧೋತರದ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿದರು. ಅಜ್ಜ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಇದು ಉತ್ತರವೋ, ಬರೀ ಧೋತರ ಹಿಂಡಿದ್ದೋ ರುದ್ರಮುನಿಗೆ ಗೊತ್ತಾಗಲಿಲ್ಲ.

ಅವನು ಹೋದಾಗ ಸಾವಂತ್ರವ್ವ ಅಂಗಳ ಸಾರಿಸುತ್ತಿದ್ದಳು. ರುದ್ರಮುನಿ ಕಟ್ಟೆಯ ಮೇಲೆ ಕೂತ. ನಾಲಿಗೆಯ ತುದಿಗೆ ಬಂದ ಪುರಾಣಗಳನ್ನೆಲ್ಲ ನುಂಗಿಕೊಂಡ.

“ಅವತ್ತು ನಿನ್ನ ಏನೂ ಕೇಳದ ಹೇಳಿಬಿಟ್ಟೆ ಅವ್ವಾ. ತಪ್ಪಾತು. ಈಗ ಹೇಳು, ಏನಾತು?”

ಅವಳ ಕೈ ನಿಂತಿತು. 

“ಕೂಸು ಹುಟ್ಟಿದ ಕೂಡ್ಲೆ ಸಕ್ಕರಿ ಹಂಚಾಕ ಹೊಂಟಿದ್ನಿರಿ. ಅಷ್ಟ ಖುಷಿ ಆಗಿತ್ತು ನನಗ. ಒಳಗಿಂದ ಮಗಳು ‘ಯವ್ವಾ’ ಅಂದ್ಲು. ‘ತಡಿಯವ್ವಾ, ಬಂದೆ’ ಅಂದೆ. ಬರೂದ್ರಾಗ...”

ಸಾರಿಸಿದ ನೆಲವನ್ನೇ ಮತ್ತೊಮ್ಮೆ ಸವರಿದಳು.

“ಆ ಕೂಸು ಅತ್ರ, ಆಕಿನ ಕರದಂಗ ಆಗತೈತ್ರಿ.”

ರುದ್ರಮುನಿಯ ಕಣ್ಣು ತುಂಬಿ ಬಂತು. ಇದಕ್ಕೆ ಏನು ಹೇಳುತ್ತಾರೆ? ಯಾರಾದರೂ ಏನಾದರೂ ಹೇಳಿದ್ದಾರೆಯೇ? ಒಂದು ಸಾಲೂ ನೆನಪಾಗಲಿಲ್ಲ. ಕತ್ತಲಾಗುವ ತನಕ ಅವಳ ಜೊತೆ ಕೂತಿದ್ದು, “ನಾಳೆ ಬರ್ತೀನವ್ವಾ” ಎಂದಷ್ಟೇ ಹೇಳಿ ಎದ್ದ.

ಮರುದಿನ ಹೋದ. ಅದೇ ಸಕ್ಕರೆ, ಅದೇ ಕೂಗು. ಅದರ ಮರುದಿನವೂ ಅದೇ. ಹೀಗೆ ಹೋಗಿ ಬಂದು ಅವನಿಗೇ ಸಾಕುಸಾಕಾಯಿತು.

“ಅಜ್ಜಾರ, ದಿನಾ ಹೇಳಿದ್ದನ್ನ ಹೇಳ್ತಾಳ. ಇದರಿಂದ ಏನು ಗುಣ ಆದೀತ್ರಿ?”

“ಹೇಳಿದ್ದನ್ನ ಹೇಳ್ತಾಳಾ?”

“ಹೂನ್ರಿ.” ರುದ್ರಮುನಿ ತಡೆದ. “ಅಲ್ಲ, ನಿನ್ನೆ ಬ್ಯಾರೆ ಒಂದು ಮಾತು ಅಂದ್ಲು ರೀ. ಮಗಳು ಸಣ್ಣಾಕಿದ್ದಾಗ ಬುಟ್ಟ್ಯಾಗಿನ ರೊಟ್ಟಿ ಕದ್ದು ನಾಯಿಗೆ ಹಾಕ್ತಿದ್ಲಂತ. ಹೇಳಿ ನಕ್ಲು. ನಕ್ಕ ಮ್ಯಾಲೆ ಮೊದಲಿಗಿಂತ ಜಾಸ್ತಿ ಅತ್ಲು. ಈಗ ಇದು ಸುಧಾರಿಸಿದ್ದೋ, ಕೆಟ್ಟಿದ್ದೋ?”

“ನೀ ಉಂಡಿಯಾ?”

“ಇಲ್ರಿ.”

“ಉಣ್ಣು ನಡಿ.”

ಇಂಥ ಗುರುಗಳನ್ನು ಕಟ್ಟಿಕೊಂಡು ಏನು ಮಾಡುವುದು! ರುದ್ರಮುನಿ ಉಂಡ. ಮರುದಿನ ಮತ್ತೆ ಹೋದ. ಉತ್ತರ ಸಿಕ್ಕೀತೆಂದು ಹೋಗುವುದನ್ನು ಅವನು ಬಿಟ್ಟಿದ್ದ. ಅವಳು ಕಾಯುತ್ತಿರುತ್ತಾಳೆ ಎಂದು ಹೋಗುತ್ತಿದ್ದ.

ಒಂದು ಮುಂಜಾನೆ ಹೋದಾಗ ಅಂಗಳದಲ್ಲಿ ಅವಳಿರಲಿಲ್ಲ. ಅಂಗಳ ಸಾರಿಸಿಯೂ ಇರಲಿಲ್ಲ. 

ಒಳಗೆ ಹಣಿಕಿದ. ಬಚ್ಚಲಿನ ಹತ್ತಿರ ಕಾಶವ್ವ ತನ್ನ ಕೂಸನ್ನೆತ್ತಿಕೊಂಡು ನಿಂತಿದ್ದಳು. ಸುಮ್ಮನಿರಿ ಎಂಬಂತೆ ಬಾಯಿಯ ಮೇಲೆ ಬೆರಳಿಟ್ಟಳು.

ಸಾವಂತ್ರವ್ವ ಬಚ್ಚಲಿನಲ್ಲಿ ಕಾಲು ಚಾಚಿ ಕೂತಿದ್ದಳು. ಮೊಮ್ಮಗಳನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡು ನೀರು ಎರೆಯುತ್ತಿದ್ದಳು. ಎಣ್ಣೆ ಹಚ್ಚಿದ ಆ ಪುಟ್ಟ ಬೆನ್ನಿನ ಮೇಲೆ ಅವಳ ಕಣ್ಣೀರೂ ಬೀಳುತ್ತಿತ್ತು. ಕೂಸು ಕಿರುಚುತ್ತಿತ್ತು. ಅವಳು ಬಿಕ್ಕುತ್ತಿದ್ದಳು.

ರುದ್ರಮುನಿ ಒಂದೇ ಉಸಿರಿಗೆ ಮಠಕ್ಕೆ ಓಡಿದ.

“ಅಜ್ಜಾರ! ಕೂಸಿನ್ನ ಕಾಲ ಮ್ಯಾಲೆ ಹಾಕ್ಕೊಂಡು ಎರಿಯಾಕತ್ತಾಳ್ರಿ!”

“ಛಲೋ ಆತು.”

“ಆದ್ರ ಒಂದ ಸವನ ಅಳಾಕತ್ತಾಳ. ಗುಣ ಆದ್ಲೋ, ಇಲ್ಲೋ? ನನಗ ಒಂದೂ ತಿಳೀವಲ್ದು.”

“ಎರಿಯೂಕಿಂತ ಮೊದಲ ನೀರಾಗ ಕೈ ಅದ್ದಿ ಬಿಸಿ ನೋಡಿದ್ಲಾ?”

ರುದ್ರಮುನಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ.

“ನೋಡಿದ್ಲು ರೀ. ಪ್ರತಿ ತಂಬಿಗಿಗೂ ನೋಡಿದ್ಲು.”

“ಹಂಗಾರ ಅಳಲಿ ಬಿಡು.”