ಪುಟ್ಟಮಾದಮ್ಮನ ಕಂಪ್ಯೂಟರಿಗೆ ಕೆಂಪರಾಜನ ಕಾವಲು

ಕೇಳ್ರಪ್ಪಾ ಕೇಳಿ! ನಗೋದಾದರೆ ನಿಧಾನಕ್ಕೆ ನಗಿ, ಆ ತಾಯಿ ಪಟ್ಟ ಪಾಡು ನಗೋ ಅಂಥದ್ದಲ್ಲ. ಕೊಳ್ಳೇಗಾಲದಲ್ಲಿ ಪುಟ್ಟಮಾದಮ್ಮ ಅಂತ ಒಬ್ಬಳಿದ್ದಳು. ಸೀರೆ ಸೆರಗಿಗೆ ಕುಚ್ಚು ಕಟ್ಟೋದರಲ್ಲಿ ಅವಳನ್ನ ಮೀರಿಸೋರಿಲ್ಲ. ಅವಳಿಗೆ ಒಬ್ಬನೇ ಮಗ, ಕೆಂಪರಾಜು. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ತೊಟ್ಟಿಲಲ್ಲೇ ಮಲಗಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಕರ್ಮ!

ಕಟ್ಟಿದ ಕುಚ್ಚೆಲ್ಲ ಸೀರೆ ಜೊತೆ ಅವರವರ ಮನೆಗೆ ಹೋಗಿಬಿಡ್ತದಲ್ಲ? ಅದಕ್ಕೇ ಒಂದೊಂದರ ಫೋಟೊ ತೆಗೆಸಿ ಕಂಪ್ಯೂಟರಲ್ಲಿ ಇಟ್ಟಿದ್ದಳು. ಸೀರೆ ಅಂಗಡಿ ಸುಗುಣಮ್ಮ ಬಂದು ಆ ಫೋಟೊ ನೋಡಿ ಮೆಚ್ಚಿದರೆ ಗೌರಿ ಹಬ್ಬದ ಸೀರೆಗಳ ಕೆಲಸವೆಲ್ಲ ಇವಳಿಗೆ. ಇಲ್ಲದಿದ್ದರೆ ಪಕ್ಕದ ಬೀದಿಯವಳಿಗೆ. ಪುಟ್ಟಮಾದಮ್ಮನಿಗೆ ಕೂತರೆ ಕೂರೋಕಾಗದು, ನಿಂತರೆ ನಿಲ್ಲೋಕಾಗದು.

ಕಂಪ್ಯೂಟರ್ ರಿಪೇರಿ ಜಮೀಲ್ ಬಂದು ಆಂಟಿವೈರಸ್ ಹಾಕಿದ. "ಮನೇಲಿರೋದಕ್ಕೆ ಇದೆಲ್ಲ ಯಾಕಪ್ಪಾ? ನಾವೇನು ಬ್ಯಾಂಕಾ?" ಅಂದಳು.

"ಕಳ್ಳ ದೊಡ್ಡ ಮನೆ ನೋಡ್ಕೊಂಡು ಬರಲ್ಲಮ್ಮ, ತೆಗೆದ ಬಾಗಿಲು ನೋಡ್ಕೊಂಡು ಬರ್ತಾನೆ. ಇದು ಕಾವಲಿಗೆ." ಆಮೇಲೆ ಕೆಂಪರಾಜನ ಕಡೆ ತಿರುಗಿದ. "ಪರದೆ ಮೇಲೆ ಏನು ಬಂದು ಕೇಳಿದರೂ ಬೇಡ ಅನ್ನು. ತಿಳೀತಾ?"

"ತಿಳೀತು!"

ತಿಳಿದೇಬಿಟ್ಟಿತು! ಜಮೀಲ್ ಆ ಕಡೆ ಹೋದ, ಈ ಕಡೆ ಆಂಟಿವೈರಸ್ಸೇ ಬಂದು ಕೇಳಿತು. ಕೆಟ್ಟದ್ದೊಂದು ಒಳಗೆ ನುಗ್ಗಿದೆ, ಓಡಿಸಲಾ? "ಬೇಡ." ಹೋಗಲಿ, ಇನ್ನೊಂದು ಬಾರದ ಹಾಗೆ ತಡೀಲಾ? "ಬೇಡ." ಕಾವಲಾದರೂ ಕಾಯಲಾ? "ಬೇಡ ಅಂದ್ನಲ್ಲ!" ಸಂಜೆ ಹೊತ್ತಿಗೆ ಪರದೆ ತುಂಬ ಕಂಡವರ ಜಾಹೀರಾತು. ಕುಚ್ಚಿನ ಫೋಟೊ ಹುಡುಕೋದರಲ್ಲಿ ಅವ್ವನಿಗೆ ಬೆವರು ಕಿತ್ತುಬಂತು.

"ಅಯ್ಯೋ ಮುಠ್ಠಾಳ! ಕಾಯೋನನ್ನೇ ಆಚೆಗೆ ಅಟ್ಟಿದೆಯಲ್ಲೋ! ಮರ್ಯಾದೆಯಾಗಿ ಕೇಳಿದರೆ ಹೂಂ ಅನ್ನಬೇಕು ಕಣೋ!"

"ಆಯ್ತವ್ವ, ಹೂಂ ಅಂತೀನಿ."

ಮಾರನೇ ದಿನ ಪರದೆ ಮೇಲೆ ಬಂತು: "ತಾವು ಕಾರು ಗೆದ್ದಿದ್ದೀರಿ. ದಯವಿಟ್ಟು ಸ್ವೀಕರಿಸುವಿರಾ?" ತಾವು! ದಯವಿಟ್ಟು! ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು? "ಹೂಂ!" ಅಂತ ಒತ್ತಿದ. ಒತ್ತಿದವನು ಕಾರು ನಿಲ್ಲಿಸೋಕೆ ಜಾಗ ಬೇಕಲ್ಲ ಅಂತ ಅಂಗಳ ಗುಡಿಸಿದ, ಅವ್ವನ ತುಳಸಿ ಕುಂಡ ಎತ್ತಿ ಹಿತ್ತಿಲಲ್ಲಿಟ್ಟ. ಕಾರೂ ಬರಲಿಲ್ಲ, ಒತ್ತಿದ ಕೂಡಲೇ ಮಲಗಿದ ಕಂಪ್ಯೂಟರೂ ಏಳಲಿಲ್ಲ.

"ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದೆಯೇನೋ!" ಅಂತ ಅವ್ವ ತಲೆ ಚಚ್ಚಿಕೊಂಡು ಜಮೀಲನ ಹತ್ತಿರ ಓಡಿದಳು. ಅವನು ಬಂದು ಗುದ್ದಾಡಿ ಸರಿಮಾಡಿದ. ಪುಣ್ಯಕ್ಕೆ ಫೋಟೊ ಉಳಿದಿದ್ದವು.

"ಪಾಸ್‌ವರ್ಡ್ ಹಾಕಿದೀನಿ ಕೆಂಪರಾಜು, ಬದನೇಕಾಯಿ ಅಂತ. ಅದನ್ನ ಕೊಡದೆ ಯಾರೂ ಒಳಗೆ ಬರೋ ಹಾಗಿಲ್ಲ. ತಿಳೀತಾ?"

"ತಿಳೀತು!"

ಅವ್ವ ರೇಷ್ಮೆ ದಾರ ತರೋಕೆ ಪೇಟೆಗೆ ಹೋದಾಗಲೇ ಸುಗುಣಮ್ಮ ಬರಬೇಕೇ! ಬಾಗಿಲು ಬಡಿದಳು.

"ಪಾಸ್‌ವರ್ಡ್ ಹೇಳಿ!" ಅಂದ ಒಳಗಿಂದ.

"ನಾನಪ್ಪಾ, ಸುಗುಣಮ್ಮ!"

"ತಪ್ಪು!"

"ಲೋ, ಸೀರೆ ಅಂಗಡಿಯವಳು ಕಣೋ!"

"ಅದೂ ತಪ್ಪು! ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ!"

ಬಿಸಿಲಲ್ಲಿ ನಿಂತು ಸಾಕಾಗಿ ಸುಗುಣಮ್ಮ ಸಿಡಿಮಿಡಿ ಅಂತ ಹೊರಟಳು. ಇವನಿಗೆ ಪಾಪ ಅನ್ನಿಸಿತು. ಕಿಟಕಿಗೆ ಬಾಯಿಟ್ಟು, "ಬದನೇಕಾಯಿ ಅನ್ನಬೇಕಿತ್ತು ಅಕ್ಕಾ! ಬದನೇಕಾಯಿ!" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ.

ಎದುರಿಗೆ ಸಿಕ್ಕ ಪುಟ್ಟಮಾದಮ್ಮ ಸುಗುಣಮ್ಮನ ಕೈ ಹಿಡಿದುಕೊಂಡು ಬೇಡಿದಳು. "ನಾಳೆ ಬರ್ತೀನಿ. ಅದೇ ಕೊನೆ" ಅಂದಳು ಆಕೆ. ಅವ್ವ ಮನೆಗೆ ಬಂದವಳೇ ಮಗನ ಮೇಲೆ ಹರಿಹಾಯ್ದಳು.

"ಊರಿಗೆಲ್ಲ ಸಾರಿಬಿಟ್ಟೆಯಲ್ಲೋ ಅವಿವೇಕಿ! ಈಗಲೇ ಅದನ್ನ ಬದಲಾಯಿಸು! ಪಾಸ್‌ವರ್ಡ್ ಅಂದರೆ ಒಬ್ಬರಿಗೂ ಗೊತ್ತಿರಬಾರದು. ಒಂದು ನರಪಿಳ್ಳೆಗೂ ಗೊತ್ತಿರಬಾರದು!"

"ಆಯ್ತವ್ವ. ಒಂದು ನರಪಿಳ್ಳೆಗೂ."

ಮಾರನೇ ದಿನ ಸುಗುಣಮ್ಮ ಬಂದಳು. ಚಾಪೆ ಹಾಸಿದ್ದಾಯ್ತು, ಕಾಫಿ ಕೊಟ್ಟದ್ದಾಯ್ತು. ಪುಟ್ಟಮಾದಮ್ಮ ಮಗನನ್ನ ಕಂಪ್ಯೂಟರ್ ಮುಂದೆ ಕೂರಿಸಿದಳು.

"ತೆಗೆಯೋ ಮಗನೇ, ಹೊಸ ಪಾಸ್‌ವರ್ಡ್ ಹಾಕು."

"ಗೊತ್ತಿಲ್ಲವ್ವ."

"ನೀನೇ ಅಲ್ಲವೇನೋ ಬದಲಾಯಿಸಿದ್ದು?"

"ನಾನೇ. ಬದಲಾಯಿಸಿ ಮರೆತುಬಿಟ್ಟೆ. ಒಬ್ಬರಿಗೂ ಗೊತ್ತಿರಬಾರದು ಅಂದೆಯಲ್ಲ, ನಾನೂ ಒಬ್ಬ ತಾನೇ? ಮರೆಯೋದು ಎಷ್ಟು ಕಷ್ಟ ಆಯ್ತು ಅಂತೀಯ! ಮಗ್ಗಿ ಹೇಳಿದೆ, ದೇವರ ನಾಮ ಹೇಳಿದೆ, ಗೋಡೆಗೆ ತಲೆ ಕುಟ್ಟಿಕೊಂಡೆ. ಬೆಳಗ್ಗೆ ಎದ್ದಾಗ ಸ್ವಲ್ಪ ಉಳಿದಿತ್ತು, ತಣ್ಣೀರು ಸುರ್ಕೊಂಡೆ, ಅದೂ ಹೋಯ್ತು!"

ಅವ್ವ ಜಮೀಲನ ಅಂಗಡಿಗೆ ಓಡಿದಳು. ಬೀಗ! ಏದುಸಿರು ಬಿಡ್ತಾ ವಾಪಸ್ ಬರೋ ಹೊತ್ತಿಗೆ ಸುಗುಣಮ್ಮ ಪಕ್ಕದ ಬೀದಿಗೆ ತಿರುಗಿಯಾಗಿತ್ತು. ಪುಟ್ಟಮಾದಮ್ಮ ಜಗಲಿ ಮೇಲೆ ಕುಸಿದು ಗೊಳೋ ಅಂತ ಅತ್ತಳು. "ಹಬ್ಬದ ಕೆಲಸ ಹೋಯ್ತಲ್ಲೋ! ನೆನಪು ಮಾಡ್ಕೊಳ್ಳೋ ನನ್ನಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ!"

ಮಗ ಓಡಿ ಬಂದ. ಅವ್ವನ ಪಕ್ಕ ಕೂತ, ಅವಳ ಕಣ್ಣೊರೆಸಿದ.

"ಅಳಬೇಡ್ವೇ ಅವ್ವ. ನೀನು ಅಳೋದು ನೋಡಿದೆನಾ, ಈಗ ತಾನೇ ಪೂರ್ತಿ ನೆನಪಾಗಿಬಿಡ್ತು."

"ಏನದು? ಹೇಳೋ! ಬೇಗ ಹೇಳೋ!"

"ಹೆದರ್ಕೋಬೇಡ" ಅಂತ ಎದ್ದು ಬಚ್ಚಲಿಗೆ ಓಡಿದ. "ಇನ್ನೊಂದು ಕೊಡ ತಣ್ಣೀರು ಸುರ್ಕೊಂಡು ಬಂದೆ!"