ಅಲ್ಲಾಡದ ಗೋಡೆ

"ಗುರುಗಳೇ, ಹೊಳೆಯ ನಡುವೆ ನಿಂತಿದೆಯಲ್ಲ ಆ ಕಲ್ಲುಗೋಡೆ, ಅಂಥದ್ದೊಂದನ್ನು ನಮ್ಮ ದಂಡೆಗೂ ಕಟ್ಟಿಬಿಡಲೇ?" ಎಂದು ಸಿಂಗಯ್ಯ ಕೇಳಿದ.

ಆ ಮಳೆಗಾಲದಲ್ಲಿ ಮಠದ ಹಿತ್ತಿಲು ಎರಡು ಮೊಳ ಜರಿದಿತ್ತು. ಗುರುಗಳ ಗುಡಿಸಲಿಗೂ ನೀರಿಗೂ ಈಗ ಹತ್ತೇ ಹೆಜ್ಜೆ. ಶಿಷ್ಯನಿಗೆ ಅದೇ ಚಿಂತೆ. ದಂಡೆಯ ಪೊದೆಗಳನ್ನು ಕಿತ್ತು ಪಾಯ ತೋಡಲು ಹಾರೆ ಹೊತ್ತೇ ಬಂದಿದ್ದ.

"ಎಂಥ ನೆರೆ ಬಂದರೂ ಅದರ ಒಂದು ಕಲ್ಲು ಮಿಸುಕಿಲ್ಲ. ಕಟ್ಟಿದವನು ಗಂಡಸು! ಅಪ್ಪಣೆ ಕೊಡಿ, ಅವನಿಗಿಂತ ಒಂದು ಕೈ ಮೇಲಾಗಿ ಕಟ್ಟುತ್ತೇನೆ."

ಗುರುಗಳು ನಕ್ಕರು. "ಕಟ್ಟುವೆ, ನಿನ್ನ ತೋಳು ನಾನು ಕಾಣದ್ದೇ? ಹಾರೆ ಕೆಳಗಿಡು, ಹೆಗಲು ನೋಯುತ್ತದೆ. ಒಂದು ಕತೆ ಕೇಳಿ ಹೋಗು" ಎಂದರು.

ಒಬ್ಬ ರೈತನಿದ್ದ. ಹೊಳೆಯ ದಂಡೆಯಲ್ಲಿ ಅವನ ಮನೆ. ಮನೆಗೂ ನೀರಿಗೂ ನಡುವೆ ಮುಳ್ಳುಗರಿಯ ಮುಂಡುಗದ ಪೊದೆ, ಅದರ ಬುಡದಲ್ಲಿ ಲಾವಂಚ. ಹೊಳೆ ಏರುವಾಗ ಒಂದಿಷ್ಟು ಮಣ್ಣು ಒಯ್ಯುತ್ತಿತ್ತು. ಇಳಿಯುವಾಗ ಆ ಪೊದೆಯ ಬುಡಕ್ಕೇ ಒಂದಿಷ್ಟು ತಂದು ಸುರಿಯುತ್ತಿತ್ತು. ರೈತ ಒಯ್ದದ್ದನ್ನು ಕಂಡ, ತಂದದ್ದನ್ನು ಕಾಣಲಿಲ್ಲ. ಅವನು ಕೇಡಿಗನಲ್ಲ. ಹೆಂಡತಿ ಮಕ್ಕಳು ನಿಶ್ಚಿಂತೆಯಿಂದ ಮಲಗಲಿ ಎಂಬುದಷ್ಟೇ ಅವನ ಆಸೆ.

ಪೊದೆಯನ್ನು ಬೇರುಸಹಿತ ಕಿತ್ತ. ಬಂಡೆ ಸಿಗುವ ತನಕ ಅಗೆದು ಪಾಯ ಹಾಕಿದ. ಆಳೆತ್ತರದ ಗೋಡೆ ಎದ್ದಿತು. ಅದರ ಮೇಲೆ ನಿಂತು, "ಇನ್ನು ಹೊಳೆ ಬೇಕಾದರೆ ತಲೆ ಚಚ್ಚಿಕೊಳ್ಳಲಿ" ಎಂದ.

ಹೊಳೆ ತಲೆ ಚಚ್ಚಿಕೊಳ್ಳಲಿಲ್ಲ. ಪಕ್ಕಕ್ಕೆ ಹೊರಳಿತು. ಕೆಳಗಿನ ಮನೆ ಚಾಪೆ ಹೆಣೆಯುವ ಹೆಂಗಸೊಬ್ಬಳದು. ಗೋಡೆಗೆ ಬಡಿದು ತಿರುಗಿದ ನೀರು ಅವಳ ಅಂಗಳದ ಅಂಚನ್ನು ಕಚ್ಚಿತು. ಅವಳು ರೈತನಲ್ಲಿಗೆ ಬಂದಳು.

"ತಮ್ಮಾ, ನಿನ್ನ ಗೋಡೆ ಹೊಳೆಯನ್ನು ನನ್ನ ಮನೆಗೆ ನೆಂಟನಾಗಿ ಕಳಿಸಿದೆಯಲ್ಲೋ."

"ನೀನೂ ಒಂದು ಕಟ್ಟಕ್ಕಾ. ಕಲ್ಲು ಹೊರಲು ನಾನೇ ಬರುತ್ತೇನೆ."

"ಕಲ್ಲಿನಲ್ಲಿ ಚಾಪೆ ಹೆಣೆಯಲಾದೀತೇ? ನೀನು ಕಿತ್ತೆಸೆದ ಮುಂಡುಗದ ಬುಡಗಳು ಅಲ್ಲಿ ಮೂಲೆಯಲ್ಲೇ ಚಿಗುರಿವೆ. ಅವನ್ನು ಕೊಡು, ಸಾಕು."

"ಆ ಮುಳ್ಳನ್ನೇ? ಒಯ್ಯಿ, ಒಯ್ಯಿ. ಒಳಗೆ ಹಾವಿದ್ದರೆ ಅದೂ ನಿನ್ನದೇ."

ಅವಳು ದಂಡೆಯನ್ನು ಇಳಿಜಾರು ಮಾಡಿ ಸಾಲಾಗಿ ನೆಟ್ಟಳು. ಮೊದಲ ವರ್ಷ ಅರ್ಧ ತೇಲಿಹೋದವು. ಮತ್ತೆ ನೆಟ್ಟಳು. ರೈತ ಗೋಡೆಯ ಮೇಲಿಂದ ನೋಡಿ ನಕ್ಕ. ಮೂರನೆಯ ವರ್ಷ ಪೊದೆ ಹಿಡಿಯಿತು. ಅವಳು ಗರಿ ಕೊಯ್ದಷ್ಟೂ ದಟ್ಟವಾಯಿತು.

ನಾಲ್ಕನೆಯ ಮಳೆಗಾಲಕ್ಕೆ ದೊಡ್ಡ ನೆರೆ ಬಂತು. ಅವಳ ಅಂಗಳಕ್ಕೆ ನೀರು ಏರಿತು, ಸ್ವಲ್ಪ ಹೊತ್ತು ನಿಂತಿತು, ಪೊದೆಯ ಬುಡದಲ್ಲಿ ಗೇಣುದ್ದ ಹೂಳು ಬಿಟ್ಟು ಇಳಿಯಿತು. ರೈತನ ಗೋಡೆಯನ್ನು ಅಲ್ಲಾಡಿಸಲು ಹೊಳೆಗೆ ಆಗಲಿಲ್ಲ. ಹೊಳೆ ಹರಿದುಬರುವ ಕಡೆ, ಗೋಡೆ ಮುಗಿಯುವಲ್ಲಿ, ದನ ನೀರಿಗಿಳಿಯುವ ಜಾಡಿತ್ತು. ನೀರು ಅಲ್ಲಿಂದ ಒಳಹೊಕ್ಕು ಗೋಡೆಯ ಬೆನ್ನ ಹಿಂದೆ ಹರಿಯಿತು. ಅಲ್ಲಿ ಮಣ್ಣನ್ನು ಹಿಡಿದಿಡಲು ಒಂದು ಬೇರೂ ಉಳಿದಿರಲಿಲ್ಲ. ಮಧ್ಯಾಹ್ನ ದನದ ಹಟ್ಟಿ ಹೋಯಿತು. ಸಂಜೆಗೆ ಮನೆ ಹೋಯಿತು.

ರೈತ ಹೆಂಡತಿ ಮಕ್ಕಳೊಡನೆ ಅವಳ ಬಾಗಿಲಿಗೆ ಬಂದು ನಿಂತ.

"ಗೋಡೆ ಹೇಗಿದೆ ತಮ್ಮಾ?"

"ಗಟ್ಟಿಯಾಗಿದೆ ಅಕ್ಕಾ. ಮನೆಯೇ ಉಳಿಯಲಿಲ್ಲ."

"ಸರಿ, ಒಳಗೆ ಬಾ. ಎಲ್ಲರಿಗೂ ಚಾಪೆ ಹಾಸಿದ್ದೇನೆ. ನೀನು ಎಸೆದ ಮುಂಡುಗದ್ದೇ. ಮುಳ್ಳು ತೆಗೆದಿದ್ದೇನೆ, ಹೆದರಬೇಡ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಿಂಗಯ್ಯನಿಗೆ ತಡೆಯಲಾಗಲಿಲ್ಲ.

"ಮನೆ ಹೋಯಿತು, ಸರಿ. ಅಷ್ಟು ಗಟ್ಟಿ ಗೋಡೆ ಏನಾಯಿತು ಗುರುಗಳೇ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಹೊಳೆಯ ನಡುವಿನ ಗೋಡೆಯ ಕಡೆಗೆ ತಿರುಗಿಸಿದರು.

"ನೀನು ಈಗಷ್ಟೇ ಹೊಗಳಿದೆಯಲ್ಲಪ್ಪಾ, ಅವನು ಅದನ್ನು ಕಟ್ಟಿದ್ದು ದಂಡೆಯ ಮೇಲೆ."