ಆಡದ ತಲೆ

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದೇ ಕಟ್ಟಳೆ: ತಿಳಿಯದ ಮಾತಿಗೆ ತಲೆಯಾಡಿಸಬಾರದು. ಅದನ್ನು ಮುರಿಯದವರು ಅಲ್ಲಿ ಒಬ್ಬರೂ ಇರಲಿಲ್ಲ.

ಪರದೇಶದ ಅತಿಥಿಗಳು ಬಂದುಹೋಗುವ ಜಾಗ. ಹಾಗಾಗಿ ಗುರು ಶಾಂತವೀರಯ್ಯನವರು ಶಿಷ್ಯರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಗಿವ್ ಅಪ್, ಪುಟ್ ಆಫ್, ಕಾಲ್ ಔಟ್. ಒಂದು ಕ್ರಿಯಾಪದ, ಅದಕ್ಕೊಂದು ಬಾಲ. ಬಾಲ ಬದಲಾದರೆ ಪ್ರಾಣಿಯೇ ಬೇರೆ.

ಶಿಷ್ಯ ಕೊಟ್ರಯ್ಯನಿಗೆ ಅವೆಲ್ಲ ಕಂಠಪಾಠ. ಅತಿಥಿಗಳನ್ನು ಹೊಳೆಗೆ ಕರೆದೊಯ್ಯುವ ಕೆಲಸ ಅವನಿಗೆ ಸಿಕ್ಕಿದ್ದೂ ಅದರಿಂದಲೇ.

ಒಂದು ಬೆಳಿಗ್ಗೆ ವಯಸ್ಸಾದ ಅತಿಥಿ ಹೆಂಗಸೊಬ್ಬರು ಹೊಳೆ ನಡುವಿನ ಬಂಡೆಯ ಮೇಲೆ ಧ್ಯಾನಕ್ಕೆ ಹೊರಟರು. ಹೋಗುವ ಮುನ್ನ ಇಂಗ್ಲಿಷಿನಲ್ಲಿ ಬೇಗಬೇಗ ಏನೋ ಹೇಳಿದರು. ಕೊಟ್ರಯ್ಯ ನಕ್ಕು ತಲೆಯಾಡಿಸಿದ. ಹೂ ಕೊಯ್ಯಲು ಹೋದ.

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಹರಿಗೋಲಿನವನು ಕಂಡು ಹತ್ತಿರ ಹೋಗುವಷ್ಟರಲ್ಲಿ ಬಂಡೆ ಮುಳುಗಿ, ನೀರು ಆಕೆಯ ಸೊಂಟಕ್ಕೆ ಬಂದಿತ್ತು.

ಆಕೆ ದಡ ಸೇರಿದ ಮೇಲೆ ಗುರುಗಳು ಕೇಳಿದರು: "ಅಮ್ಮ ನಿನಗೇನು ಹೇಳಿದ್ದರು?"

"ನೀರು ಏರಿದರೆ ಕಾಲ್ ಔಟ್ ಅಂತ. ಈಗ ಅವರೇ ನಿಧಾನವಾಗಿ ಹೇಳಿದ ಮೇಲೆ ತಿಳಿಯಿತು."

"ಕಾಲ್ ಔಟ್ ಅಂದರೆ?"

"ಗಟ್ಟಿಯಾಗಿ ಕೂಗು." ಥಟ್ಟನೆ ಬಂತು ಉತ್ತರ. ಕೊಟ್ರಯ್ಯ ತಲೆ ತಗ್ಗಿಸಿದ.

"ಆಗಲೇ ತಿಳಿಯಲಿಲ್ಲ ಅನ್ನಬಹುದಿತ್ತಲ್ಲ."

"ಇವನಿಗೆ ಇಷ್ಟೂ ಬರೋದಿಲ್ಲವೇ ಅಂದುಕೊಂಡಾರು ಅಂತ... ಇನ್ನು ನಾನು ಹೊಳೆಗೆ ಹೋಗೋದು ಬೇಡ ಅಲ್ಲವೇ, ಗುರುಗಳೇ?"

"ನಾಳೆ ಹೇಳುತ್ತೇನೆ. ತಪ್ಪು ನಿನ್ನೊಬ್ಬನದೇ ಅಲ್ಲ. ನಿಮ್ಮೆಲ್ಲರ ತಲೆ ಆಡಿದ್ದು ನೋಡಿ, ಪಾಠ ಆಯಿತು ಅಂತ ನಾನೂ ತಲೆಯಾಡಿಸಿದ್ದೆ."

ಮರುದಿನ ಪಾಠದಲ್ಲಿ ಗುರುಗಳು "ಟರ್ನ್ ಅಲಾಂಗ್ ಫಾರ್" ಎಂದರು. ಒಂದು ವಾಕ್ಯದಲ್ಲಿ ಬಳಸಿಯೂ ತೋರಿಸಿದರು.

"ತಿಳಿಯಿತೇ? ತಿಳಿದವರು ಇವತ್ತು ಅತಿಥಿಗಳ ಜೊತೆ ಹೊಳೆಗೆ ಹೋಗಬಹುದು."

ಗಾಳಿಗೆ ಜೋಳದ ತೆನೆ ಆಡಿದ ಹಾಗೆ ತಲೆಗಳೆಲ್ಲ ಆಡಿದವು.

ಪಕ್ಕದಲ್ಲಿದ್ದ ನಂಜಯ್ಯ ಪಿಸುಗುಟ್ಟಿದ: "ಲೇ, ನೀನೂ ಆಡಿಸು. ನಿನ್ನೆ ಮಾನ ಹೋಗಿದ್ದು ಸಾಲದೇನು?"

ಕೊಟ್ರಯ್ಯನ ಕತ್ತು ತಾನಾಗಿಯೇ ಆಡಲು ಹೊರಟಿತು. ಅವನು ಎರಡೂ ಕೈಯಿಂದ ಗಲ್ಲ ಹಿಡಿದು ಅದನ್ನು ನಿಲ್ಲಿಸಿದ.

"ನನಗೆ ತಿಳಿಯಲಿಲ್ಲ, ಗುರುಗಳೇ."

"ನನಗೂ ತಿಳಿಯದು. ಆ ಮಾತು ಇಂಗ್ಲಿಷಿನಲ್ಲೇ ಇಲ್ಲ," ಎಂದರು ಗುರುಗಳು. "ಏಳು, ಅತಿಥಿಗಳು ಹೊಳೆಗೆ ಹೊರಟಿದ್ದಾರೆ."